ತಾಂಗ್‌ಕಿ: ಚೀನೀಯರಲ್ಲಿ ಮೈಮೇಲೆ ದೇವರು ಬರುವವರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಗಾಪುರ, ಪೆನಾಂಗ್, ಫುಕೆಟ್ ಕಡೆ ಕೆಲಸಕ್ಕೋ ಪ್ರವಾಸಕ್ಕೋ ಹೋದ ಕನ್ನಡಿಗರು ಬೀದಿಯಲ್ಲಿ ಇವರನ್ನು ನೋಡಿರುತ್ತಾರೆ. ಬರಿಮೈ, ಎದೆಗೆ ಕಸೂತಿಯ ಬಟ್ಟೆ, ಕೈಯಲ್ಲಿ ಕತ್ತಿ, ಸುತ್ತ ಡೋಲು ಜಾಗಟೆ. ಮನೆಗೆ ಬಂದ ಮೇಲೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ತಾಂಗ್‌ಕಿ ಅಂದರೆ ಯಾರು?

ದೇವರು ಮೈಮೇಲೆ ಬಂದಾಗ ಆ ದೇವರ ಪರವಾಗಿ ಮಾತಾಡುವ ಮನುಷ್ಯ. ಚೀನಾದ ಆಗ್ನೇಯ ಕರಾವಳಿಯ ಫೂಜಿಯಾನ್ ಪ್ರಾಂತ್ಯದವರು ಆಡುವ ಹೊಕ್ಕಿಯನ್ ಮಾತಿನಲ್ಲಿ ತಾಂಗ್‌ಕಿ ಅನ್ನುತ್ತಾರೆ. ಮ್ಯಾಂಡರಿನ್‌ನಲ್ಲಿ ಜಿತೋಂಗ್.

ಇವರು ಪುರೋಹಿತರಲ್ಲ. ಚೀನಾದ ಹಳೆಯ ತಾವೋ ಧರ್ಮದ ಪುರೋಹಿತರು ಶಾಸ್ತ್ರ ಓದಿ, ಗುರುವಿನ ಹತ್ತಿರ ದೀಕ್ಷೆ ಪಡೆದವರು. ಅವರು ದೇವರಿಗೆ ಬಿನ್ನಹ ಮಾಡಿಕೊಳ್ಳುತ್ತಾರೆ. ತಾಂಗ್‌ಕಿ ವಿಷಯದಲ್ಲಿ ದೇವರೇ ಬಂದು ಕುರ್ಚಿಯಲ್ಲಿ ಕೂರುತ್ತಾನೆ, ನೀವು ಎದುರಿಗೆ ನಿಂತು ಮಾತಾಡಬಹುದು. ದೇವರು ಇಳಿದುಹೋದ ಮೇಲೆ ಅದೇ ಮನುಷ್ಯ ಮಾಮೂಲಿ ಮನುಷ್ಯ. ಮರುದಿನ ಬೆಳಿಗ್ಗೆ ಟ್ಯಾಕ್ಸಿ ಓಡಿಸಲೋ ಅಂಗಡಿ ತೆರೆಯಲೋ ಹೋಗುತ್ತಾನೆ.

ಇದು ಬೌದ್ಧ ಧರ್ಮವಾ, ತಾವೋ ಧರ್ಮವಾ?

ಎರಡೂ ಹೌದು, ಎರಡೂ ಅಲ್ಲ. ಇದಕ್ಕೆ ಒಬ್ಬ ಸ್ಥಾಪಕ ಇಲ್ಲ, ಒಂದು ಗ್ರಂಥ ಇಲ್ಲ. ಊರಿನ ಗುಡಿ, ಮನೆಯ ಹಿರಿಯರ ಪೂಜೆ, ವರ್ಷದ ಜಾತ್ರೆ ಇವೇ ಧರ್ಮ. ಬುದ್ಧನ ಪಕ್ಕದಲ್ಲೇ ತಾವೋ ದೇವತೆಗಳು ಕೂತಿರುತ್ತಾರೆ, ಯಾರಿಗೂ ತಕರಾರಿಲ್ಲ. ಜನಗಣತಿಯವರು ಬಂದು ಕೇಳಿದರೆ ಒಬ್ಬರು ಬೌದ್ಧ ಅಂತ ಬರೆಸುತ್ತಾರೆ, ಇನ್ನೊಬ್ಬರು ತಾವೋ ಅಂತ.

ಇಲ್ಲಿನ ದೇವರುಗಳಲ್ಲಿ ಎಷ್ಟೋ ಮಂದಿ ಒಂದು ಕಾಲಕ್ಕೆ ಬದುಕಿದ್ದ ಮನುಷ್ಯರು. ಗುವಾನ್ ಗೋಂಗ್ 3ನೇ ಶತಮಾನದ ಆರಂಭದಲ್ಲಿ ಸತ್ತ ಸೇನಾಪತಿ. ಸಮುದ್ರದಲ್ಲಿ ಕಾಯುವ ತಾಯಿ ಮಾಝು, ಫೂಜಿಯಾನ್ ತೀರದ ಮೇಝೌ ದ್ವೀಪದಲ್ಲಿ 10ನೇ ಶತಮಾನದಲ್ಲಿ ಹುಟ್ಟಿದ ಹುಡುಗಿ ಎಂಬ ನಂಬಿಕೆ. ಸತ್ತ ಮೇಲೆ ಪವಾಡ ನಡೆದವು, ಜನ ಗುಡಿ ಕಟ್ಟಿದರು, ಆಮೇಲೆ ಚಕ್ರವರ್ತಿಗಳೇ ಬಿರುದು ಕೊಟ್ಟರು. ಸ್ವರ್ಗದಲ್ಲೂ ಒಂದು ಸರ್ಕಾರ ಇದೆ, ಅದರ ಮೇಲೆ ಜೇಡ್ ಚಕ್ರವರ್ತಿ ಕೂತಿದ್ದಾನೆ ಅನ್ನುವುದು ಜನರ ಕಲ್ಪನೆ.

ಎಲ್ಲೆಲ್ಲಿ ಇದೆ?

ಫೂಜಿಯಾನ್, ಪಕ್ಕದ ಚಾವ್‌ಝೌ ಪ್ರದೇಶ, ತೈವಾನ್. ಅಲ್ಲಿಂದ ಹಡಗು ಹತ್ತಿ ಹೋದವರ ಜೊತೆ ಸಿಂಗಾಪುರ, ಮಲೇಷ್ಯಾ, ಥಾಯ್ಲೆಂಡಿನ ಫುಕೆಟ್. ಇಂಡೋನೇಷ್ಯಾದ ಸಿಂಗ್ಕಾವಾಂಗ್ ಪಟ್ಟಣದಲ್ಲಿ ಹಕ್ಕಾ ಚೀನೀಯರು ಇವರನ್ನು ತಾತುಂಗ್ ಅನ್ನುತ್ತಾರೆ. ಚೀನೀ ಹೊಸ ವರ್ಷದ 15ನೇ ದಿನ ಅಲ್ಲಿ ದೊಡ್ಡ ಮೆರವಣಿಗೆ. ಸ್ಥಳೀಯ ದಯಾಕ್ ಬುಡಕಟ್ಟಿನವರೂ ಅದರಲ್ಲಿ ಸೇರುತ್ತಾರೆ.

ಉತ್ತರ ಚೀನಾದ ಕಥೆ ಬೇರೆ. ಮಂಚೂರಿಯಾ ಕಡೆ ಮೈಮೇಲೆ ಬರುವುದು ನರಿ, ಮುಂಗುಸಿಯಂಥ ವೀಸಲ್, ಹಾವು, ಮೈಮುಳ್ಳಿನ ಪುಟ್ಟ ಹೆಜ್‌ಹಾಗ್, ಇಲಿಯ ಆತ್ಮಗಳು. ಅದು ದೊಡ್ಡ ವಿಷಯ, ಇಲ್ಲಿ ಬಿಡುತ್ತೇನೆ.

ಯಾವ ಯಾವ ದೇವರು ಬರುತ್ತಾರೆ?

ಎಲ್ಲರೂ ಬರುವುದಿಲ್ಲ. ಜೇಡ್ ಚಕ್ರವರ್ತಿ ಯಾರ ಮೈಮೇಲೂ ಬರುವುದಿಲ್ಲ, ಅಷ್ಟು ದೊಡ್ಡವನು ಇಳಿದು ಬರುವುದುಂಟಾ! ಬರುವವರು ಹೆಚ್ಚಾಗಿ ಓಡಾಡುವ, ಹೊಡೆದಾಡುವ ದೇವರುಗಳು. ಸೇನಾಪತಿಗಳು, ತುಂಟರು, ನಿಯಮ ಮುರಿದವರು.

ಕೋತಿ ದೇವರು ಸುನ್ ವುಕೋಂಗ್ ಬಂದರೆ ತಾಂಗ್‌ಕಿ ಕುರ್ಚಿಯ ಮೇಲೆ ಕುಕ್ಕರಗಾಲಲ್ಲಿ ಕೂರುತ್ತಾನೆ, ಮೈ ಕೆರೆದುಕೊಳ್ಳುತ್ತಾನೆ. ಜಿ ಗೋಂಗ್ ಎಂಬ ಹುಚ್ಚು ಸನ್ಯಾಸಿ ಬಂದರೆ ತೇಪೆ ಹಾಕಿದ ನಿಲುವಂಗಿ, ಕೈಯಲ್ಲಿ ಬೀಸಣಿಗೆ, ಜೊತೆಗೆ ಮದ್ಯ ಬೇಕೇ ಬೇಕು. ಯಮಲೋಕದ ಇಬ್ಬರು ದೂತರಿದ್ದಾರೆ, ತುವಾ ಯಾ ಪೆಕ್ ಮತ್ತು ಜಿ ಯಾ ಪೆಕ್. ಒಬ್ಬ ಬಿಳಿ ಬಟ್ಟೆಯ ಉದ್ದನೆಯವನು, ಇನ್ನೊಬ್ಬ ಕಪ್ಪು ಬಟ್ಟೆಯ ಗಿಡ್ಡ. ಸಿಂಗಾಪುರ, ಮಲೇಷ್ಯಾದಲ್ಲಿ ಇವರಿಗೆ ಭಾರಿ ಬೇಡಿಕೆ. ಸಿಗರೇಟು ಸೇದುತ್ತಾರೆ, ಕಪ್ಪು ಬಿಯರ್ ಕುಡಿಯುತ್ತಾರೆ, ಭಕ್ತರ ಕಷ್ಟಸುಖ ಕೇಳುತ್ತಾರೆ. ಮಲೇಷ್ಯಾದ ದಾತುಕ್ ಗೋಂಗ್ ಇನ್ನೂ ಸ್ವಾರಸ್ಯ. ಅವನು ಮಲಯ ಮುಸ್ಲಿಂ ದೈವ. ಪೂಜಿಸುವವರು ಚೀನೀಯರು. ಅವನಿಗೆ ಹಂದಿಮಾಂಸ ಎಡೆ ಇಡುವಂತಿಲ್ಲ. ಚೀನೀ ತಾಂಗ್‌ಕಿ ಲುಂಗಿ ಉಟ್ಟು, ಟೋಪಿ ಹಾಕಿ, ಮಲಯ ಭಾಷೆಯಲ್ಲೇ ನುಡಿ ಕೊಡುತ್ತಾನೆ.

ನಮಗೆ ಹತ್ತಿರದವನು ನೇಝಾ, ಅವರು ಪ್ರೀತಿಯಿಂದ ಮೂರನೇ ರಾಜಕುಮಾರ ಅನ್ನುವ ಬಾಲದೇವರು. ಅಪ್ಪನ ಮೇಲೆ ಸಿಟ್ಟಾಗಿ ತನ್ನ ಮೂಳೆ ಮಾಂಸವನ್ನೇ ಕಿತ್ತು ಹೆತ್ತವರಿಗೆ ವಾಪಸ್ ಕೊಟ್ಟವನು, ಆಮೇಲೆ ತಾವರೆಯಿಂದ ಮತ್ತೆ ಹುಟ್ಟಿದವನು. ಬೆಂಕಿಯ ಚಕ್ರಗಳ ಮೇಲೆ ನಿಂತು ಓಡಾಡುತ್ತಾನೆ. ಇವನು ಬಂದರೆ ಐವತ್ತು ದಾಟಿದ ಗಂಡಸೂ ಮಗುವಿನ ದನಿಯಲ್ಲಿ ತೊದಲುತ್ತಾನೆ, ಬಾಯಿಗೆ ನಿಪ್ಪಲ್ ಇಟ್ಟುಕೊಳ್ಳುತ್ತಾನೆ, ನೆರೆದವರಿಗೆ ಮಿಠಾಯಿ ಎರಚುತ್ತಾನೆ. ಈ ನೇಝಾನ ಮೂಲ ಹುಡುಕಿದ ವಿದ್ವಾಂಸರು ಬಂದು ನಿಂತದ್ದು ನಮ್ಮ ನಲಕೂಬರನ ಹತ್ತಿರ. ಹೌದು, ಕುಬೇರನ ಮಗ, ಬಾಲಕೃಷ್ಣ ಒರಳು ಎಳೆದುಕೊಂಡು ಹೋಗಿ ಬೀಳಿಸಿದ ಮರವಾಗಿದ್ದವನು. ಬೌದ್ಧ ಗ್ರಂಥಗಳ ಜೊತೆ ಅವನ ಹೆಸರು ಚೀನಾಕ್ಕೆ ಹೋಯಿತು, ಬಾಯಿಂದ ಬಾಯಿಗೆ ಸವೆದು ನೇಝಾ ಆಯಿತು. ನೇಝಾನ ಅಪ್ಪ, ಕೈಯಲ್ಲಿ ಗೋಪುರ ಹಿಡಿದ ಸೇನಾಪತಿ, ಮೂಲದಲ್ಲಿ ವೈಶ್ರವಣ. ಅಂದರೆ ಕುಬೇರನೇ.

ದೇವರು ಬರುವುದು ಹೇಗೆ? ಒಂದು ಸಂಜೆ ಏನೇನು ನಡೆಯುತ್ತದೆ?

ಸಿಂಗಾಪುರದ ಒಂದು ಸರ್ಕಾರಿ ಫ್ಲ್ಯಾಟ್ ಅಂದುಕೊಳ್ಳಿ. ಹಾಲ್‌ನಲ್ಲಿ ಸೋಫಾ ಟಿವಿ ಇರುವ ಜಾಗದಲ್ಲಿ ಕೆಂಪು ಬಟ್ಟೆ ಇಳಿಬಿಟ್ಟ ಎತ್ತರದ ಮೇಜು. ಮೇಲೆ ಮೂರ್ತಿಗಳು, ಕಿತ್ತಳೆ, ಪುಟ್ಟ ಚಹಾ ಬಟ್ಟಲು, ಊದಿನಕಡ್ಡಿ ಚುಚ್ಚುವ ಬೂದಿಪಾತ್ರೆ. ಐದು ಬಣ್ಣದ ಐದು ಬಾವುಟ: ಪೂರ್ವಕ್ಕೆ ಹಸಿರು, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಬಿಳಿ, ಉತ್ತರಕ್ಕೆ ಕಪ್ಪು, ನಡುವೆ ಹಳದಿ. ಇವು ದೇವರ ಐದು ಸೈನ್ಯಗಳ ಗುರುತು. ಬಗ್ಗಿ ನೋಡಿದರೆ ಮೇಜಿನ ಅಡಿಯಲ್ಲಿ ಹುಲಿ ದೇವರು. ಅದಕ್ಕೆ ಹಸಿ ಮೊಟ್ಟೆ, ಹಂದಿಯ ಕೊಬ್ಬು.

ತಾಂಗ್‌ಕಿ ಬಂದು ಡ್ರ್ಯಾಗನ್ ಕೆತ್ತಿದ ಕುರ್ಚಿಯಲ್ಲಿ ಕೂರುತ್ತಾನೆ. ಸಹಾಯಕರು ಡೋಲು ಬಡಿಯುತ್ತಾ ದೇವರನ್ನು ಕರೆಯುವ ಪದ ಹೇಳುತ್ತಾರೆ. ಒಬ್ಬ ಹಾವಿನ ತಲೆ ಕೆತ್ತಿದ ಹಿಡಿಯ ಚಾಟಿಯನ್ನು ನೆಲಕ್ಕೆ ಬಡಿಯುತ್ತಾನೆ, ಕೆಟ್ಟದ್ದು ಓಡಲಿ ಅಂತ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಆಕಳಿಕೆ. ಮತ್ತೆ ಆಕಳಿಕೆ. ತೇಗು. ಹಿಮ್ಮಡಿ ನೆಲಕ್ಕೆ ತಟ್ಟತೊಡಗುತ್ತದೆ, ತೊಡೆ ನಡುಗುತ್ತದೆ, ತಲೆ ಬಲಕ್ಕೆ ಎಡಕ್ಕೆ ತೂಗುತ್ತದೆ. ಡೋಲು ಜೋರಾಗುತ್ತದೆ. ತಟ್ಟನೆ ಎದ್ದು ಎರಡೂ ಕೈಯಿಂದ ಮೇಜಿಗೆ ಬಡಿದರೆ ಬಂತು ಅಂತ ಲೆಕ್ಕ. ಆ ನಡುಕದ ನಡುವೆಯೇ ಸಹಾಯಕರು ಎದೆಗೆ ಕಸೂತಿಯ ಬಟ್ಟೆ ಕಟ್ಟುತ್ತಾರೆ, ಆ ದೇವರ ಆಯುಧ ಕೈಗೆ ಕೊಡುತ್ತಾರೆ.

ಅಲ್ಲಿಂದ ಮುಂದೆ ಎಲ್ಲ ಶಾಂತ. ಜನ ಚೀಟಿ ಪ್ರಕಾರ ಒಬ್ಬೊಬ್ಬರೇ ಬರುತ್ತಾರೆ. ಕೇಳುತ್ತಾರೆ. ದೇವರು ಕುಂಚ ಅದ್ದಿ ಹಳದಿ ಕಾಗದದ ಮೇಲೆ ಯಂತ್ರ ಗೀಚುತ್ತಾನೆ. ಒಂದನ್ನು ಬಾಗಿಲಿಗೆ ಅಂಟಿಸಬೇಕು, ಒಂದನ್ನು ಮಡಚಿ ಜೇಬಿನಲ್ಲಿಟ್ಟುಕೊಳ್ಳಬೇಕು, ಇನ್ನೊಂದನ್ನು ಸುಟ್ಟು ಬೂದಿಯನ್ನು ನೀರಿಗೆ ಹಾಕಿ ಕುಡಿಯಬೇಕು. ಎಲ್ಲರದ್ದೂ ಮುಗಿದ ಮೇಲೆ ತಾಂಗ್‌ಕಿ ಹಿಂದಕ್ಕೆ ಒಂದು ನೆಗೆತ ನೆಗೆಯುತ್ತಾನೆ. ಸಹಾಯಕರು ಹಿಡಿದುಕೊಳ್ಳುತ್ತಾರೆ. ಕಣ್ಣು ಬಿಟ್ಟು, ನೀರು ಕುಡಿದು, ನಡೆದದ್ದು ಒಂದೂ ನೆನಪಿಲ್ಲ ಅನ್ನುತ್ತಾನೆ.

ಪಕ್ಕದಲ್ಲಿ ನಿಂತು ಏನೋ ಹೇಳುತ್ತಿರುವವರು ಯಾರು?

ಅವರನ್ನು ಮೇಜಿನ ಯಜಮಾನ ಅನ್ನಬಹುದು. ಹೊಕ್ಕಿಯನ್‌ನಲ್ಲಿ ತೋತಾವ್. ದೇವರ ಮಾತು ಕೀರಲು ದನಿ, ಹಳೆಯ ನಾಟಕದ ಶೈಲಿ. ಎಲ್ಲರಿಗೂ ಅರ್ಥ ಆಗುವುದಿಲ್ಲ, ಇವರು ಬಿಡಿಸಿ ಹೇಳುತ್ತಾರೆ. ಸಿಂಗಾಪುರದಲ್ಲಿ ಇವರ ಕೆಲಸ ಇನ್ನೂ ಜಾಸ್ತಿ. 1979ರಲ್ಲಿ ಅಲ್ಲಿನ ಸರ್ಕಾರ ಮ್ಯಾಂಡರಿನ್ ಮಾತಾಡಿ ಅಂತ ಆಂದೋಲನ ಶುರು ಮಾಡಿತು. ಮಕ್ಕಳು ಮ್ಯಾಂಡರಿನ್, ಇಂಗ್ಲಿಷ್ ಕಲಿತರು. ದೇವರುಗಳು ಮಾತ್ರ ಹೊಕ್ಕಿಯನ್, ಚಾವ್‌ಝೌ ಕಡೆಯ ತಿಯೋಚ್ಯೂ ಮಾತು ಬಿಡಲಿಲ್ಲ.

ನನ್ನ ಕೇಳಿದರೆ ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಗಮನಿಸಬೇಕಾದ ಮನುಷ್ಯ ಇವರೇ. ನಮ್ಮ ಕ್ಯಾಮೆರಾ ಕತ್ತಿಯ ಕಡೆ ತಿರುಗುತ್ತದೆ. ಆದರೆ ಯಾರು ಯಾವ ಕಷ್ಟಕ್ಕೆ ಬಂದಿದ್ದಾರೆ, ಯಾರ ಮನೆಯಲ್ಲಿ ಏನು ಜಗಳ, ಇದೆಲ್ಲ ಇವರಿಗೆ ಗೊತ್ತಿರುತ್ತದೆ. ತಾಂಗ್‌ಕಿ ಒಬ್ಬನೇ ಏನೂ ಮಾಡಲಾರ. ಡೋಲಿನವರು, ಯಜಮಾನ, ಅಡುಗೆ ಮಾಡುವ ಹೆಂಗಸರು, ಚಂದಾ ಎತ್ತುವವರು, ಕೊನೆಗೆ ನಂಬುವ ಜನ ಎಲ್ಲ ಸೇರಿದರೇ ಒಬ್ಬ ತಾಂಗ್‌ಕಿ.

ಜನ ಏನು ಕೇಳುತ್ತಾರೆ?

ಮಗು ರಾತ್ರಿಯೆಲ್ಲ ಅಳುತ್ತದೆ, ಮಗನಿಗೆ ಕೆಲಸ ಸಿಕ್ಕಿಲ್ಲ, ಮೊಣಕಾಲು ನೋವು ಹೋಗುತ್ತಿಲ್ಲ, ಅತ್ತೆ ಸೊಸೆಗೆ ಆಗಿಬರುವುದಿಲ್ಲ, ಅಂಗಡಿ ಬಾಗಿಲು ಯಾವ ದಿಕ್ಕಿಗಿರಬೇಕು. ಮಗು ಬೆಚ್ಚಿಬಿದ್ದರೆ ಅದರ ಆತ್ಮದ ಒಂದು ತುಣುಕು ಆಚೆ ಹೋಗಿದೆ ಅಂತ ನಂಬಿಕೆ. ಅದನ್ನು ಕರೆದು ತರುವ ಶಾಸ್ತ್ರವೇ ಇದೆ.

ಲಾಟರಿ ನಂಬರನ್ನೂ ಕೇಳುತ್ತಾರಂತೆ, ನಿಜವಾ?

ನಿಜ. ಸಿಂಗಾಪುರ, ಮಲೇಷ್ಯಾದಲ್ಲಿ ನಾಲ್ಕಂಕಿಯ ಲಾಟರಿ ಮನೆಮನೆಯ ಚಟ. ಯಮದೂತರ ಹತ್ತಿರ ಅಂಕಿ ಕೇಳುವವರು ಬೇಕಾದಷ್ಟು ಜನ.

ತೈವಾನಿನಲ್ಲಿ 1980ರ ದಶಕದ ನಡುವೆ 'ದಾಜಿಯಾಲೆ' ಎಂಬ ಅಕ್ರಮ ಲಾಟರಿಯ ಹುಚ್ಚು ಹಬ್ಬಿತ್ತು. ಜನ ಸಿಕ್ಕ ಸಿಕ್ಕ ಗುಡಿಗೆ ಹೋಗಿ ಅಂಕಿ ಬೇಡಿದರು. ಅಂಕಿ ಸುಳ್ಳಾದಾಗ ಮೂರ್ತಿಗಳ ಕೈಕಾಲು ಮುರಿದು ಹೊಳೆಗೆ, ರಸ್ತೆಬದಿಗೆ ಎಸೆದರು. ಆಮೇಲೆ ಕೆಲವು ಗುಡಿಗಳು ಆ ಅನಾಥ ದೇವರುಗಳನ್ನು ಎತ್ತಿ ತಂದು ಸಾಕಿಕೊಂಡವು. ದೇವರ ಜೊತೆ ಇಷ್ಟು ಸಲಿಗೆ ಇದ್ದರೆ ಹೀಗೂ ಆಗುತ್ತದೆ.

ಮೈ ಯಾಕೆ ಕೊಯ್ದುಕೊಳ್ಳುತ್ತಾರೆ?

ದಿನನಿತ್ಯ ಹಾಗೆ ಮಾಡುವುದಿಲ್ಲ. ಹಬ್ಬ, ಮೆರವಣಿಗೆ, ದೇವರ ಹುಟ್ಟುಹಬ್ಬದಂದು ಮಾತ್ರ. ಸಾಂಪ್ರದಾಯಿಕ ಆಯುಧಗಳು ಐದು: ಏಳು ನಕ್ಷತ್ರದ ಕತ್ತಿ, ಗರಗಸ ಮೀನಿನ ಮೂತಿಯ ಮೂಳೆಯಿಂದ ಮಾಡಿದ ಕತ್ತಿ, ಕೊಡಲಿ, ಮುಳ್ಳಿನ ದೊಣ್ಣೆ, ಮೊಳೆ ಚುಚ್ಚಿದ ಚೆಂಡು. ಇವುಗಳಿಂದ ಬೆನ್ನಿಗೆ, ಹಣೆಗೆ ಹೊಡೆದುಕೊಳ್ಳುತ್ತಾರೆ. ಸಹಾಯಕರು ಬೆನ್ನಿಗೆ ಆಗಾಗ ಮದ್ಯ ಊದುತ್ತಾರೆ, ರಕ್ತವನ್ನು ಹಳದಿ ಕಾಗದದಿಂದ ಒರೆಸುತ್ತಾರೆ. ಕೆಲವರು ನಾಲಿಗೆ ಕೊಯ್ದು ಆ ರಕ್ತದಿಂದಲೇ ಯಂತ್ರಕ್ಕೆ ಮುದ್ರೆ ಒತ್ತುತ್ತಾರೆ. ಅಂಥ ಯಂತ್ರಕ್ಕೆ ಶಕ್ತಿ ಜಾಸ್ತಿ ಅಂತ ನಂಬಿಕೆ.

ಕಾರಣ ಎರಡು. ಒಂದು, ಬಂದಿರುವುದು ಯೋಧ ದೇವರು. ಅವನು ಊರಿನ ಕೆಟ್ಟದ್ದರ ಜೊತೆ ಯುದ್ಧ ಮಾಡುತ್ತಿದ್ದಾನೆ. ಎರಡು, ಇದು ಸಾಕ್ಷಿ. ಸುಮ್ನೆ ನಡುಗಿದರೆ ಯಾರು ನಂಬುತ್ತಾರೆ? ರಕ್ತ ಬಂದರೂ ಮುಖ ಕಿವುಚದಿದ್ದರೆ ಒಳಗಿರುವುದು ದೇವರು ಅಂತ ಜನ ಒಪ್ಪುತ್ತಾರೆ.

ನೋವು? ಆ ಸ್ಥಿತಿಯಲ್ಲಿ ನೋವಿನ ಅರಿವು ತುಂಬ ಕಡಿಮೆ ಇರುತ್ತದೆ. ಗಾಯಗಳೂ ನೋಡಲು ಭಯಂಕರವಾದರೂ ಹೆಚ್ಚಿನವು ಮೇಲುಮೇಲಿನವು. ಕತ್ತಿಯ ಏಟು ಜೋರಾಗಿ ಬೀಳುವುದಕ್ಕೆ ಮೊದಲೇ ತಡೆಯಲು ಸಹಾಯಕರು ಪಕ್ಕದಲ್ಲೇ ಇರುತ್ತಾರೆ.

ಕೆನ್ನೆಗೆ ಸೈಕಲ್, ಬಂದೂಕು ಚುಚ್ಚಿಕೊಳ್ಳುವ ಫೋಟೋಗಳು?

ಅವು ಫುಕೆಟ್‌ನವು. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ, ಅಂದರೆ ಸಾಮಾನ್ಯವಾಗಿ ಅಕ್ಟೋಬರ್ ಆಸುಪಾಸು, ಒಂಬತ್ತು ಚಕ್ರವರ್ತಿ ದೇವರ ಹಬ್ಬ. ಸಪ್ತರ್ಷಿ ಮಂಡಲದ ಏಳು ನಕ್ಷತ್ರ, ಜೊತೆಗೆ ಕಾಣದ ಎರಡು. ಇವೇ ಆ ಒಂಬತ್ತು ದೇವರು. ಇವರ ತಾಯಿ ದೌಮು. ಅವಳನ್ನು ಬೌದ್ಧರ ಮಾರೀಚಿ ದೇವಿಯ ಜೊತೆ ಒಂದು ಮಾಡಿದ್ದಾರೆ. ಅಲ್ಲೂ ಒಂದು ಎಳೆ ಭಾರತಕ್ಕೆ ಬಂತು ನೋಡಿ.

1825ರಲ್ಲಿ ಫುಕೆಟ್‌ನ ಕಾಥು ಎಂಬ ತವರದ ಗಣಿ ಊರಿಗೆ ಚೀನೀ ನಾಟಕದ ಮೇಳವೊಂದು ಬಂತು, ಕಲಾವಿದರಿಗೆ ಜ್ವರ ಬಂತು, ಮಾಂಸ ಬಿಟ್ಟು ಈ ದೇವರನ್ನು ಪೂಜಿಸಿದ ಮೇಲೆ ವಾಸಿಯಾಯಿತು. ಇದು ಅಲ್ಲಿನವರು ಹೇಳುವ ಕಥೆ. ಅದಕ್ಕೇ ಒಂಬತ್ತು ದಿನ ಸಸ್ಯಾಹಾರ, ಬಿಳಿ ಬಟ್ಟೆ. ಬೀದಿ ತುಂಬ ಹಳದಿ ಬಾವುಟ ಹಾಕಿದ ಅಂಗಡಿಗಳು. ನಮ್ಮ ಸಸ್ಯಾಹಾರಿಗಳಿಗೆ ಥಾಯ್ಲೆಂಡ್ ಸುತ್ತಲು ಇದಕ್ಕಿಂತ ಒಳ್ಳೆ ಸಮಯ ಇಲ್ಲ. ಬೆಳ್ಳುಳ್ಳಿ ಈರುಳ್ಳಿ ಕೂಡ ಇರುವುದಿಲ್ಲ.

ದೇವರು ಬಂದವರನ್ನು ಅಲ್ಲಿ ಮಾ ಸೊಂಗ್ ಅನ್ನುತ್ತಾರೆ, ದೇವರು ಏರುವ ಕುದುರೆ. ಹಿಂದೆ ಸಲಾಕೆ ಮಾತ್ರ ಚುಚ್ಚಿಕೊಳ್ಳುತ್ತಿದ್ದರು. ಈಗ ಛತ್ರಿ, ಸೈಕಲ್ ಭಾಗ, ಏನೇನೋ. ಒಬ್ಬರನ್ನೊಬ್ಬರು ಮೀರಿಸುವ ಪೈಪೋಟಿ ನಡೆದಿದೆ ಅಂತ ನನಗನಿಸುತ್ತದೆ. ಹಳೆಯ ಭಕ್ತರಲ್ಲೂ ಹೀಗೆ ಗೊಣಗುವವರಿದ್ದಾರೆ.

ಯಾರು ಬೇಕಾದರೂ ತಾಂಗ್‌ಕಿ ಆಗಬಹುದಾ?

ಆಗಬೇಕು ಅಂತ ಹೊರಟವನನ್ನು ಜನ ಅನುಮಾನದಿಂದ ನೋಡುತ್ತಾರೆ. ಬೇಡ ಬೇಡ ಅಂದರೂ ಬಿಡದೆ ಹಿಡಿದರೆ ಅದು ನಿಜವಾದ ದೇವರು. ಸಾಮಾನ್ಯ ಕಥೆ ಹೀಗಿರುತ್ತದೆ: ಹುಡುಗನಿಗೆ ಏನೋ ಕಾಯಿಲೆ, ಯಾವ ಔಷಧಿಗೂ ಬಗ್ಗುವುದಿಲ್ಲ. ಅಥವಾ ಮೆರವಣಿಗೆ ನೋಡಲು ಬಂದವನು ಡೋಲಿನ ಸದ್ದಿಗೆ ತಾನೂ ನಡುಗತೊಡಗುತ್ತಾನೆ. ಇವರದ್ದು ಜಾತಕದಲ್ಲೇ ಅಲ್ಪಾಯುಷ್ಯ, ಸೇವೆ ಮಾಡಿದಷ್ಟು ದಿನ ದೇವರು ಆಯಸ್ಸು ಮುಂದೂಡುತ್ತಾನೆ ಎಂಬ ನಂಬಿಕೆಯೂ ಇದೆ. ಹಾಗಾಗಿ ಮಗ ತಾಂಗ್‌ಕಿ ಆದರೆ ತಾಯಿ ಹೆಮ್ಮೆ ಪಡುವುದಕ್ಕಿಂತ ಅಳುವುದೇ ಜಾಸ್ತಿ.

ಆಮೇಲೆ ಪರೀಕ್ಷೆ. ಬಂದಿರುವುದು ದೇವರೋ ಅಲೆಮಾರಿ ಪ್ರೇತವೋ? ಹೆಸರೇನು, ಯಾವ ಗುಡಿಯವನು ಅಂತ ಹಿರಿಯರು ಕೇಳುತ್ತಾರೆ. ಅರ್ಧಚಂದ್ರಾಕಾರದ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕುತ್ತಾರೆ. ಒಂದು ಬದಿ ಚಪ್ಪಟೆ, ಒಂದು ಬದಿ ಉಬ್ಬು. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಹೌದು. ಎರಡೂ ಚಪ್ಪಟೆ ಮೇಲಾದರೆ ದೇವರು ನಗುತ್ತಿದ್ದಾನೆ, ಪ್ರಶ್ನೆ ಸರಿಯಿಲ್ಲ. ಎರಡೂ ಉಬ್ಬು ಮೇಲಾದರೆ ಇಲ್ಲ. ತೈವಾನಿನ ಕೆಲವು ಕಡೆ ಹೊಸಬನನ್ನು ಗುಡಿಯೊಳಗೆ ಕೂಡಿಹಾಕಿ, ಹಲವು ದಿನ ಹೊರಗಿನವರ ಸಂಪರ್ಕವಿಲ್ಲದೆ ವ್ರತ ಮಾಡಿಸುತ್ತಾರೆ.

ಇದು ಮಾನಸಿಕ ಕಾಯಿಲೆ ಆಗಿರಬಹುದಲ್ವಾ?

ಈ ಪ್ರಶ್ನೆಯನ್ನು ಹೊರಗಿನವರಿಗಿಂತ ಮೊದಲು ಆ ಊರಿನವರೇ ಕೇಳಿಕೊಳ್ಳುತ್ತಾರೆ. 1960ರಲ್ಲಿ ಉತ್ತರ ತೈವಾನಿನ ಒಂದು ಹಳ್ಳಿಯಲ್ಲಿ ನಡೆದದ್ದನ್ನು ಅಮೆರಿಕದ ಮಾನವಶಾಸ್ತ್ರಜ್ಞೆ ಮಾರ್ಜರಿ ವುಲ್ಫ್ ದಾಖಲಿಸಿದ್ದಾರೆ. ಮಕ್ಕಳೊಂದಿಗಳಾದ ಒಬ್ಬ ತಾಯಿ ಇದ್ದಕ್ಕಿದ್ದಂತೆ ಗದ್ದೆಗೆ ಹಾರಿದಳು. ದೇವರು ತನ್ನನ್ನು ಕರೆಯುತ್ತಿದ್ದಾನೆ ಅಂದಳು, ಕುಣಿದಳು, ನೆರೆಯವರ ವಿಷಯ ನುಡಿದಳು. ಕೆಲವರು ಬಂದು ಪ್ರಶ್ನೆಯನ್ನೂ ಕೇಳತೊಡಗಿದರು. ಊರಲ್ಲಿ ದಿನಗಟ್ಟಲೆ ಚರ್ಚೆ ನಡೆಯಿತು, ದೇವರಾ, ಪ್ರೇತವಾ, ಹುಚ್ಚಾ? ಬೇರೆ ತಾಂಗ್‌ಕಿಯ ಅಭಿಪ್ರಾಯವನ್ನೂ ಕೇಳಿದರು. ಕೊನೆಗೆ ಹುಚ್ಚು ಅಂತ ತೀರ್ಮಾನ ಆಯಿತು.

ವುಲ್ಫ್ ಗಮನಿಸಿದ್ದು ಇಷ್ಟು: ಆ ಕುಟುಂಬ ಹೊರಗಿನಿಂದ ಬಂದದ್ದು, ಊರಲ್ಲಿ ನೆಂಟರಿಷ್ಟರಿಲ್ಲ, ಪರವಾಗಿ ಮಾತಾಡುವವರಿಲ್ಲ. ಮೇಲಾಗಿ ಹೆಂಗಸು. ಅದೇ ಲಕ್ಷಣ ಊರಿನ ಗೌಡರ ಮನೆಯ ಹುಡುಗನಲ್ಲಿ ಕಂಡಿದ್ದರೆ? ಮೈಮೇಲೆ ಬರುವುದು ಒಬ್ಬರಿಗೆ, ಅದು ದೇವರು ಅನ್ನುವ ತೀರ್ಪು ಊರಿನದ್ದು.

ಹೆಂಗಸರು ತಾಂಗ್‌ಕಿ ಆಗುವುದೇ ಇಲ್ವಾ?

ಆಗುತ್ತಾರೆ, ಬೀದಿ ಮೆರವಣಿಗೆಯಲ್ಲಿ ಕತ್ತಿ ಹಿಡಿಯುವವರೂ ಇದ್ದಾರೆ. ಆದರೆ ಹೆಂಗಸರ ಹೆಸರು ಹೆಚ್ಚಾಗಿ ಕೇಳುವುದು ಇನ್ನೊಂದು ಕೆಲಸದಲ್ಲಿ, ಸತ್ತವರನ್ನು ಕರೆಸುವುದರಲ್ಲಿ. ಹಾಂಗ್‌ಕಾಂಗ್, ಕ್ಯಾಂಟನ್ ಕಡೆ ಇಂಥವರನ್ನು ಅಕ್ಕಿ ಕೇಳುವ ಅಜ್ಜಿ ಅನ್ನುತ್ತಾರೆ. ನಿಮ್ಮ ಮನೆಯಿಂದ ಒಂದಿಷ್ಟು ಅಕ್ಕಿ ಒಯ್ಯಬೇಕು. ತೀರಿಹೋದ ಅಪ್ಪನೋ ಅತ್ತೆಯೋ ಅಜ್ಜಿಯ ಬಾಯಲ್ಲಿ ಬಂದು ಮಾತಾಡುತ್ತಾರೆ. ಅಲ್ಲಿ ಡೋಲಿಲ್ಲ, ಕತ್ತಿಯಿಲ್ಲ. ಅಳು ಇರುತ್ತದೆ, ನಡುನಡುವೆ ಆಸ್ತಿ ಜಗಳವೂ.

ಸರ್ಕಾರಗಳು ಇದನ್ನು ಯಾಕೆ ಇಷ್ಟಪಡುವುದಿಲ್ಲ?

ಇದು ತುಂಬ ಹಳೇ ದ್ವೇಷ. ಕ್ರಿಸ್ತಪೂರ್ವ 5ನೇ ಶತಮಾನದ ಅಧಿಕಾರಿ ಶಿಮೆನ್ ಬಾವ್‌ನ ಕಥೆ ಚೀನಾದಲ್ಲಿ ಮಕ್ಕಳಿಗೂ ಗೊತ್ತು. ಅವನು ಯೇ ಎಂಬ ಊರಿಗೆ ವರ್ಗವಾಗಿ ಬಂದ. ಅಲ್ಲಿ ವರ್ಷಕ್ಕೊಮ್ಮೆ ಮೈಮೇಲೆ ಬರುವ ಮುದುಕಿಯೊಬ್ಬಳು ಚಂದದ ಹುಡುಗಿಯನ್ನು ಆರಿಸಿ ನದಿ ದೇವರಿಗೆ ಮದುವೆ ಅಂತ ನೀರಿಗೆ ಬಿಡುತ್ತಿದ್ದಳು. ಅದರ ಹೆಸರಲ್ಲಿ ಊರ ಮುಖಂಡರು ಚಂದಾ ಎತ್ತಿ ತಿನ್ನುತ್ತಿದ್ದರು. ಶಿಮೆನ್ ಬಾವ್ ಮದುವೆಗೆ ಬಂದ. ಹುಡುಗಿಯನ್ನು ನೋಡಿ, "ಈಕೆ ಅಷ್ಟು ಚಂದ ಇಲ್ಲ. ಬೇರೆ ಹುಡುಕುತ್ತೇವೆ, ಸ್ವಲ್ಪ ತಡವಾಗುತ್ತದೆ ಅಂತ ದೇವರಿಗೆ ತಿಳಿಸಿ ಬನ್ನಿ" ಎಂದು ಮುದುಕಿಯನ್ನೇ ನೀರಿಗೆ ಹಾಕಿಸಿದ. ಕಾದ. ಯಾಕೆ ಇನ್ನೂ ಬರಲಿಲ್ಲ ಅಂತ ಅವಳ ಶಿಷ್ಯೆಯರನ್ನು ಒಬ್ಬೊಬ್ಬರಾಗಿ ಕಳಿಸಿದ. ಹೆಂಗಸರಿಗೆ ಸರಿಯಾಗಿ ಹೇಳಲು ಬರುವುದಿಲ್ಲವೇನೋ ಅಂತ ಮುಖಂಡರನ್ನೂ ಕಳಿಸಿದ. ಉಳಿದವರು ಹಣೆಯಲ್ಲಿ ರಕ್ತ ಬರುವಷ್ಟು ನೆಲಕ್ಕೆ ಚಚ್ಚಿಕೊಂಡು ಬೇಡಿಕೊಂಡರು. ಪದ್ಧತಿ ಅಲ್ಲಿಗೆ ನಿಂತಿತು.

ಆದರೆ ಆಳುವವರ ಭಯಕ್ಕೆ ಇನ್ನೊಂದು ಕಾರಣ ಇದೆ. ದೇವರ ದನಿಯಲ್ಲಿ ಮಾತಾಡುವವನು ಯಾರ ಮಾತನ್ನೂ ಕೇಳಬೇಕಿಲ್ಲ. 19ನೇ ಶತಮಾನದಲ್ಲಿ ಚೀನಾ ಆಳುತ್ತಿದ್ದ ಚಿಂಗ್ ರಾಜವಂಶದ ವಿರುದ್ಧ ಎದ್ದ ತಾಯ್‌ಪಿಂಗ್ ದಂಗೆಯ ನಾಯಕ ಹೋಂಗ್ ಶಿಯುಚ್ವಾನ್ ತಾನು ಯೇಸುವಿನ ತಮ್ಮ ಅಂದುಕೊಂಡಿದ್ದ. 1848ರಲ್ಲಿ ಅವನ ಜೊತೆಗಿದ್ದ ಇದ್ದಿಲು ಸುಡುವ ಬಡವ ಯಾಂಗ್ ಶಿಯುಚಿಂಗ್ ಮೇಲೆ ತಂದೆ ದೇವರೇ ಬಂದ. ಅಲ್ಲಿಗೆ ತಮ್ಮನಿಗಿಂತ ಅಪ್ಪ ದೊಡ್ಡವನಲ್ವಾ? 1853ರ ಕೊನೆಯಲ್ಲಿ ಯಾಂಗ್ ದೇವರ ದನಿಯಲ್ಲಿ ಹೋಂಗ್‌ಗೇ ಛಡಿಯೇಟಿನ ಶಿಕ್ಷೆ ವಿಧಿಸಿದ. ಹೋಂಗ್ ಬೋರಲು ಮಲಗಿದ ಮೇಲೆ ಕ್ಷಮಿಸಿದ. 1856ರಲ್ಲಿ ಯಾಂಗ್‌ನನ್ನು ಕೊಂದುಹಾಕಿದರು. ವಿದೇಶೀಯರ ವಿರುದ್ಧ ಎದ್ದ 1900ರ ಬಾಕ್ಸರ್ ದಂಗೆಯವರ ಮೇಲೂ ಕೋತಿ ದೇವರು, ಗುವಾನ್ ಗೋಂಗ್ ಬರುತ್ತಿದ್ದರು. ಗುಂಡು ತಾಗುವುದಿಲ್ಲ ಅಂತ ನಂಬಿದ್ದರು. ತಾಗಿತು.

ಚಿಂಗ್ ರಾಜವಂಶದ ಕಾನೂನಿನಲ್ಲಿ ದೇವರು ಬಂತು ಅಂತ ಜನರನ್ನು ಕೂಡಿಸುವ ಮುಖಂಡನಿಗೆ ಮರಣದಂಡನೆ ಇತ್ತು. ಕಮ್ಯುನಿಸ್ಟ್ ಸರ್ಕಾರಕ್ಕೆ ಇದು ಊಳಿಗಮಾನ್ಯ ಕಾಲದ ಮೂಢನಂಬಿಕೆ. 1966ರಿಂದ 1976ರವರೆಗಿನ ಸಾಂಸ್ಕೃತಿಕ ಕ್ರಾಂತಿಯಲ್ಲಿ ಗುಡಿಗಳನ್ನು ಒಡೆದರು, ಮೂರ್ತಿಗಳನ್ನು ಸುಟ್ಟರು. 1980ರ ದಶಕದಿಂದ ಫೂಜಿಯಾನ್‌ನಲ್ಲಿ ಮತ್ತೆ ತಲೆಯೆತ್ತಿತು. ವಿದೇಶದಲ್ಲಿದ್ದ ನೆಂಟರು ದುಡ್ಡು ಕಳಿಸಿ ಗುಡಿ ಕಟ್ಟಿಸಿಕೊಟ್ಟರು.

ಕಾಯಿಲೆ ವಾಸಿಯಾಗುತ್ತದಾ?

1970ರ ದಶಕದಲ್ಲಿ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ತೈವಾನಿನ ರಾಜಧಾನಿ ತೈಪೆಯಲ್ಲಿ ತಾಂಗ್‌ಕಿಯ ಹತ್ತಿರ ಬಂದವರನ್ನು ಆಮೇಲೆ ಮನೆಗೆ ಹೋಗಿ ವಿಚಾರಿಸಿದರು. ಹೆಚ್ಚಿನವರು ಗುಣ ಕಂಡಿದೆ ಅಂದರು. ಆದರೆ ಬಂದವರಲ್ಲಿ ಬಹಳಷ್ಟು ಜನರದ್ದು ತಾನಾಗಿ ಕಡಿಮೆಯಾಗುವ ಕಾಯಿಲೆ, ದೀರ್ಘಕಾಲದ ಸಣ್ಣಪುಟ್ಟ ತೊಂದರೆ, ಅಥವಾ ಮನಸ್ಸಿನ ಭಾರ ಮೈಗೆ ಇಳಿದದ್ದು. ಕೂರಿಸಿ ಮಾತು ಕೇಳುವುದರಿಂದಲೇ ಅರ್ಧ ಹಗುರಾಗುತ್ತದೆ. ಎದೆನೋವು, ಜ್ವರ, ಗಡ್ಡೆಗೆ ಮಾತ್ರ ದಯವಿಟ್ಟು ಡಾಕ್ಟರ ಹತ್ತಿರವೇ ಹೋಗಿ. ಮೊದಲು ಆಸ್ಪತ್ರೆಗೆ ಹೋಗಿ ಬಾ ಅಂತ ಬೈದು ಕಳಿಸುವ ದೇವರುಗಳೂ ಇದ್ದಾರೆ.

ದುಡ್ಡು ಎಷ್ಟು? ಮೋಸ ಇಲ್ವಾ?

ನಿಗದಿ ದರ ಇರುವುದಿಲ್ಲ. ಕೆಂಪು ಲಕೋಟೆಯಲ್ಲಿ ಕೈಲಾದಷ್ಟು ಕಾಣಿಕೆ. ಇಷ್ಟೇ ಕೊಡು ಅಂತ ದೊಡ್ಡ ಮೊತ್ತ ಕೇಳಿದರೆ, ನಿನಗೆ ಮಾಟ ಆಗಿದೆ ಅಂತ ಹೆದರಿಸಿದರೆ, ಒಬ್ಬಳೇ ಬಾ ಅಂತ ಹೆಂಗಸರನ್ನು ಕರೆದರೆ ಎದ್ದು ಬನ್ನಿ. ಅಲ್ಲಿನವರೂ ಇದನ್ನೇ ಹೇಳುತ್ತಾರೆ.

ನಮ್ಮ ಭೂತಕೋಲಕ್ಕೂ ಇದಕ್ಕೂ ಸಂಬಂಧ ಇದೆಯಾ?

ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ. ಆದರೂ ನಮ್ಮವರಿಗೆ ಗುರುತು ಹತ್ತುತ್ತದೆ. ಪಾತ್ರಿಯ ನಡುಕ, ನುಡಿ, ಅಪ್ಪಣೆ, ಮಾರಿಹಬ್ಬದ ಬಾಯಿಬೀಗ, ಕೊಂಡ ಹಾಯುವುದು, ಎಲ್ಲಕ್ಕೂ ಅಲ್ಲಿ ಜೋಡಿ ಸಿಗುತ್ತದೆ. ಮುಖ್ಯ ವ್ಯತ್ಯಾಸ ಹುಟ್ಟಿನದ್ದು. ಕೋಲ ಕಟ್ಟುವ ಹಕ್ಕು ನಲಿಕೆ, ಪಂಬದ, ಪರವ ಸಮುದಾಯಗಳಿಗೆ ವಂಶಪಾರಂಪರ್ಯವಾಗಿ ಬಂದದ್ದು. ತಾಂಗ್‌ಕಿಗೆ ಜಾತಿಯ ಕಟ್ಟು ಇಲ್ಲ.

ಸಿಂಗಾಪುರದಲ್ಲಂತೂ ಎರಡು ಲೋಕಗಳೂ ಅಕ್ಕಪಕ್ಕವೇ ಇವೆ. ವಾಟರ್‌ಲೂ ಬೀದಿಯಲ್ಲಿ ಕರುಣೆಯ ದೇವತೆ ಗುವಾನ್‌ಯಿನ್ ಗುಡಿಯ ಪಕ್ಕದಲ್ಲೇ ಕೃಷ್ಣನ ಗುಡಿ. ಚೀನೀಯರು ಅಲ್ಲಿ ಕೈಮುಗಿದು, ಇಲ್ಲಿ ಊದಿನಕಡ್ಡಿ ಹಚ್ಚಿ ಹೋಗುತ್ತಾರೆ. ಲೊಯಾಂಗ್‌ನಲ್ಲಿ ತುವಾ ಪೆಕ್ ಕೋಂಗ್ ಎಂಬ ಚೀನೀ ದೇವರ ಗುಡಿಯೊಳಗೇ ಗಣಪತಿ ಇದ್ದಾನೆ. ತಮಿಳರ ಮುರುಗನ ಹಬ್ಬ ತೈಪೂಸಂನಲ್ಲಿ ಕಾವಡಿ ಹೊರುವ ಚೀನೀಯರೂ ಇದ್ದಾರೆ.

ಈಗ ಕಡಿಮೆ ಆಗುತ್ತಿದೆಯಾ?

ಸಿಂಗಾಪುರದಲ್ಲಿ 1980ರ ಜನಗಣತಿಯಲ್ಲಿ ತಾವೋ ಧರ್ಮ ಅಂತ ಬರೆಸಿದವರು ಶೇ. 30ರಷ್ಟಿದ್ದರು, 2020ರಲ್ಲಿ ಶೇ. 8.8. ಹಳ್ಳಿಗಳನ್ನು ತೆರವು ಮಾಡಿ ಎಲ್ಲರನ್ನೂ ಫ್ಲ್ಯಾಟುಗಳಿಗೆ ಕಳಿಸಿದಾಗ ಗುಡಿಗಳ ಜಾಗವೂ ಹೋಯಿತು. ಕೆಲವು ಗುಡಿಗಳು ಸೇರಿ ಒಂದೇ ಸೂರಿನಡಿ ಸೇರಿಕೊಂಡವು, ಕೆಲವು ಫ್ಲ್ಯಾಟಿನ ಹಾಲ್‌ಗೆ ಬಂದವು. ಆದರೂ ಹಬ್ಬದ ದಿನ ಡೋಲು ಹೊಡೆಯುವವರಲ್ಲಿ ಹದಿಹರೆಯದ ಹುಡುಗರೇ ಜಾಸ್ತಿ. ಓದಿನಲ್ಲಿ ಹಿಂದೆ ಬಿದ್ದ ಎಷ್ಟೋ ಹುಡುಗರಿಗೆ ಅದೊಂದು ಮರ್ಯಾದೆ ಸಿಗುವ ಜಾಗ.

ನೋಡಲು ಹೋಗಬಹುದಾ?

ಖಂಡಿತ. ಸಿಂಗಾಪುರದಲ್ಲಾದರೆ ತಿಯೋಂಗ್ ಬಾರುವಿನ ಎಂಗ್ ಹೂನ್ ಬೀದಿಯಲ್ಲಿರುವ ಕೋತಿ ದೇವರ ಗುಡಿಗೆ, ಎಂಟನೇ ಚಾಂದ್ರಮಾಸದ ಹುಣ್ಣಿಮೆಯ ಆಸುಪಾಸು ಹೋಗಿ. ತೈವಾನಿನಲ್ಲಾದರೆ ನಾಲ್ಕನೇ ಚಾಂದ್ರಮಾಸದಲ್ಲಿ ತೈನಾನ್ ಹತ್ತಿರದ ನಾನ್‌ಕುನ್‌ಶೆನ್ ಗುಡಿ, ಬಸ್ಸುಗಟ್ಟಲೆ ತಾಂಗ್‌ಕಿಗಳು ಬಂದು ಇಳಿಯುತ್ತಾರೆ.

ಮೈಮೇಲೆ ಬಂದವರನ್ನು ಮುಟ್ಟಬೇಡಿ, ದಾರಿಗೆ ಅಡ್ಡ ನಿಲ್ಲಬೇಡಿ. ಫೋಟೋಗೆ ಸಹಾಯಕರನ್ನು ಕೇಳಿ, ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಪ್ರಶ್ನೆ ಕೇಳುವವರ ಮುಖ ಮಾತ್ರ ತೆಗೆಯಬೇಡಿ. ಒಂಬತ್ತು ಚಕ್ರವರ್ತಿ ಹಬ್ಬಕ್ಕೆ ಹೋಗುವುದಾದರೆ ಬಿಳಿ ಬಟ್ಟೆ. ಸೂತಕದಲ್ಲಿರುವವರು, ಮುಟ್ಟಾದವರು, ಬಸುರಿಯರು ಬರಬಾರದು ಅಂತ ಅಲ್ಲಿನ ನಿಯಮ. ನೀವು ಒಪ್ಪಿದರೂ ಬಿಟ್ಟರೂ ಬೋರ್ಡ್ ಅಂತೂ ಇರುತ್ತದೆ. ಫುಕೆಟ್ ಬೀದಿಯಲ್ಲಿ ಪಟಾಕಿಯನ್ನು ಕಾಲಡಿಯಲ್ಲೇ ಎಸೆಯುತ್ತಾರೆ. ಕಿವಿಗೆ ಹತ್ತಿ, ಮೂಗಿಗೆ ಮಾಸ್ಕ್, ಕಾಲಿಗೆ ಶೂ ಇರಲಿ. ನೈಲಾನ್ ಬಟ್ಟೆ ಬೇಡ.